ಗರಿ ಕೆದರುವ ಗೋಡೆ

ಗರಿಗೋಡೆ ಮೊಟ್ಟಮೊದಲು ಇಡಿಯಾಗಿ ಒಬ್ಬ ಮನುಷ್ಯನ ಮೇಲೆ ಕೆರಳಿದಾಗ ಇಂದುಮತಿ ಮೇಲಿನ ಕಂಟ್ರೋಲ್ ರೂಮಿನಲ್ಲಿ ಕೂತು ಮಂಡಕ್ಕಿ ಮೆಲ್ಲುತ್ತಿದ್ದಳು. ಆ ಮನುಷ್ಯ ಬೇರೆ ಯಾರೂ ಅಲ್ಲ, ಅವಳ ಗಂಡ ರುದ್ರಮುನಿ.

ದಾವಣಗೆರೆಯಲ್ಲಿ ಎಷ್ಟೋ ಕಾಲದಿಂದ ಬೀಗ ಜಡಿದಿದ್ದ ಹತ್ತಿ ಮಿಲ್ಲೊಂದರ ನೇಯ್ಗೆ ಶೆಡ್ಡನ್ನು ಊರಿನ ಕೆಲವು ವ್ಯಾಪಾರಸ್ಥರು ಸೇರಿ ಟ್ರಸ್ಟು ಮಾಡಿಕೊಂಡು ಕಲಾಭವನವನ್ನಾಗಿ ಮಾಡಿದ್ದರು. ಒಳಗಿದ್ದದ್ದು ಒಂದೇ ಕಲಾಕೃತಿ. ಶೆಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಎರಡಾಳೆತ್ತರದ ಗೋಡೆ. ಗೋಡೆಯ ತುಂಬ ಅಂಗೈಯಗಲದ ಅಲ್ಯೂಮಿನಿಯಂ ಗರಿಗಳು, ಸಾವಿರಾರು. ಒಂದೊಂದು ಗರಿಯ ಬುಡಕ್ಕೂ ಹೆಬ್ಬೆರಳ ಗಾತ್ರದ ಮೋಟಾರು. ಎದುರು ಯಾರಾದರೂ ಬಂದು ನಿಂತರೆ ಗೋಡೆ ಅವರನ್ನು ನೋಡುತ್ತಿತ್ತು. ಸೂರಿನಲ್ಲಿದ್ದ ಕ್ಯಾಮೆರಾಗಳು ಮುಖದ ಬಣ್ಣದಲ್ಲಾಗುವ, ನಮ್ಮ ಕಣ್ಣಿಗೆ ಕಾಣದಷ್ಟು ಸಣ್ಣ ಏರಿಳಿತದಿಂದ ನಾಡಿಯ ಬಡಿತ ಹಿಡಿಯುತ್ತಿದ್ದವು. ನೆಲಕ್ಕೆ ಹಾಸಿದ್ದ ಹಲಗೆಗಳು ಯಾರು ಯಾವ ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದಾರೆ, ಯಾರು ಹಿಂದೆ ಸರಿಯುತ್ತಿದ್ದಾರೆ ಎಂದು ತಿಳಿಸುತ್ತಿದ್ದವು. ಅಷ್ಟನ್ನೂ ಕೂಡಿಸಿಕೊಂಡು ಗರಿಗಳು ಏಳುತ್ತಿದ್ದವು, ಬಾಗುತ್ತಿದ್ದವು, ಅಲೆಯಾಗಿ ಹರಿಯುತ್ತಿದ್ದವು. ಕೂಸನ್ನೆತ್ತಿಕೊಂಡು ಬಂದ ತಾಯಿಯ ಮುಂದೆ ಜೋಳದ ಹೊಲದ ಮೇಲೆ ಗಾಳಿ ಆಡಿದ ಹಾಗೆ ತೂಗುತ್ತಿದ್ದವು. ಹುಡುಗರು ಕುಣಿದರೆ ಗೋಡೆಯೂ ಕುಣಿಯುತ್ತಿತ್ತು.

ಅದನ್ನು ಮಾಡಿದ ಕಲಾವಿದ ದೂರದ ಊರಿನವನು. ಉದ್ಘಾಟನೆಯ ದಿನ ಹಾರ ಹಾಕಿಸಿಕೊಂಡು ಹೋದವನು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಹೋಗುವ ಮುಂಚೆ ಗೋಡೆಗೆ ಒಂದೇ ಒಂದು ಪಾಠ ಹೇಳಿಕೊಟ್ಟಿದ್ದ: ಎದುರು ನಿಂತವರು ಹೊರಳಿ ಹೋಗದ ಹಾಗೆ ನೋಡಿಕೋ. ಜನ ಎಷ್ಟು ಹೊತ್ತು ಕಣ್ಣು ಕೀಳದೆ ನಿಂತರೆ ಗೋಡೆ ಅಷ್ಟು ಗೆದ್ದ ಹಾಗೆ. ಯಾವ ಚಲನೆಗೆ ಜನ ನಿಲ್ಲುತ್ತಾರೆ, ಯಾವುದಕ್ಕೆ ಬೇಸತ್ತು ಹೋಗುತ್ತಾರೆ ಎಂಬುದನ್ನು ಅದು ತಾನಾಗಿಯೇ ಕಲಿಯುತ್ತ ಹೋಗಬೇಕು. ಮೋಟಾರು ಕೆಟ್ಟರೆ ಬದಲಾಯಿಸುವುದು, ಕ್ಯಾಮೆರಾದ ದೂಳು ಒರೆಸುವುದು, ಅದು ಕಲಿಯುತ್ತಿರುವುದರ ಮೇಲೆ ಒಂದು ಕಣ್ಣಿಡುವುದು ಇಂದುಮತಿಯ ಕೆಲಸ. ಸಕ್ಕರೆ ಕಾರ್ಖಾನೆಯಲ್ಲಿ ಮೀಟರುಗಳ ನಡುವೆ ಹತ್ತಾರು ವರ್ಷ ಕಳೆದಿದ್ದ ಇಂಜಿನಿಯರಿಗೆ ಇದು ಹಬ್ಬದಂಥ ನೌಕರಿ ಅನ್ನಿಸಿತ್ತು.

ರುದ್ರಮುನಿ ಹೈಸ್ಕೂಲಿನ ಡ್ರಿಲ್ ಮಾಸ್ತರ. ಹುಡುಗಿಯರ ಕಬಡ್ಡಿ ತಂಡ ಕಟ್ಟಿ ಜಿಲ್ಲೆಯಲ್ಲೆಲ್ಲ ಹೆಸರು ಮಾಡಿದ್ದವನು. ಅವತ್ತು ಎಂಟನೇ ಕ್ಲಾಸಿನ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಬಂದಿದ್ದ. ಗೋಡೆಯ ಮುಂದೆ ನಿಂತು, "ಎಲ್ಲಾ ಇಲ್ಲಿ ನೋಡ್ರಿ" ಅಂತ ಕೈಯೆತ್ತಿದ. ಮಕ್ಕಳೆಲ್ಲ ಅವನ ಕಡೆ ತಿರುಗಿದರು. ಆಗ ಹರಿಯುತ್ತಿದ್ದ ಗರಿಗಳು ಒಮ್ಮೆಲೇ ನಿಂತು ಗೋಡೆಗೆ ಅಂಟಿಕೊಂಡವು. ಮರುಗಳಿಗೆ ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಸದ್ದು ಮಾಡುತ್ತ ಅಷ್ಟೂ ಗರಿಗಳು ಕೆದರಿ, ಅಂಚು ಮುಂದೆ ಮಾಡಿ ಅವನ ಕಡೆ ನಿಂತವು.

ರುದ್ರಮುನಿ ನಗುತ್ತ ಎಡಕ್ಕೆ ಸರಿದ. ಗರಿಗಳು ಎಡಕ್ಕೆ ಹೊರಳಿದವು. ಬಲಕ್ಕೆ ಬಂದ. ಬಲಕ್ಕೆ ಹೊರಳಿದವು. ಮೊದಲು ನಕ್ಕ ಮಕ್ಕಳು ಆಮೇಲೆ ನಗಲಿಲ್ಲ. ಹೊರಗೆ ಹೊರಟಿದ್ದವರು ಹಿಂದಕ್ಕೆ ಬಂದರು. ಯಾರೋ ಫೋನು ಎತ್ತಿದರು. ಮೇಲಿನಿಂದ ಇಂದುಮತಿ ಕಂಡದ್ದು ಇಷ್ಟು: ಶೆಡ್ಡಿನಲ್ಲಿದ್ದ ಒಬ್ಬರೂ ಅಲ್ಲಾಡುತ್ತಿಲ್ಲ. ನಡುವೆ ಅವಳ ಗಂಡ ಒಬ್ಬನೇ ಅತ್ತಿಂದಿತ್ತ ಸರಿಯುತ್ತಿದ್ದಾನೆ.

ಸಂಜೆಯೊಳಗೆ ಆ ವೀಡಿಯೋ ಊರಿನ ಎಲ್ಲ ಫೋನುಗಳಲ್ಲೂ ಇತ್ತು.

"ಯಾವುದೋ ಸೆನ್ಸರ್ ಕೆಟ್ಟಿರಬೇಕು. ನಾಳೆ ನೋಡ್ತೀನಿ ಬಿಡಿ," ಅಂದಳು ಇಂದುಮತಿ, ಊಟಕ್ಕೆ ಕೂತಾಗ.

ರುದ್ರಮುನಿಯ ತಾಯಿ ಹಾಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಅಷ್ಟು ಜನದಾಗೆ ಇವನೊಬ್ಬನ ಮೇಲೇ ಯಾಕೆ ಕೆರಳ್ತು?"

"ಅವ್ವಾ, ಅದು ಮಿಷನ್ನು."

"ಅದಕ್ಕೇ ಕೇಳಿದ್ದು. ಮನುಷ್ಯರಾದ್ರೆ ಆಗದವರು ಅನ್ನಬಹುದಾಗಿತ್ತು. ಮಿಷನ್ನಿಗೆ ನಿನ್ನ ಮೇಲೆ ಹಗೆ ಐತೇನು?"

ರುದ್ರಮುನಿ ನಕ್ಕ. ತಾಯಿ ನಗಲಿಲ್ಲ. ತಮಾಷೆಗಲ್ಲ ಅವರು ಕೇಳಿದ್ದು ಎಂದು ಇಂದುಮತಿಗೆ ಆಗ ಹೊಳೆಯಿತು.

ಮರುದಿನ ಸೆನ್ಸರುಗಳನ್ನೆಲ್ಲ ಬಿಚ್ಚಿ ನೋಡಿದಳು. ಒಂದೂ ಕೆಟ್ಟಿರಲಿಲ್ಲ. ಆ ವಾರವೇ ಗೋಡೆ ಒಬ್ಬ ಔಷಧಿ ಅಂಗಡಿಯವನ ಮೇಲೆ ಕೆರಳಿತು. ನಾಲ್ಕು ಜನ ಹೋಗಿ ಅವನ ಅಂಗಡಿ ಜಾಲಾಡಿದರೆ ಅವಧಿ ಮೀರಿದ ಮಾತ್ರೆಗಳು ಸಿಕ್ಕವು. ಹಾಗೆ ಹುಡುಕಿದರೆ ಯಾವ ಅಂಗಡಿಯಲ್ಲಿ ಸಿಗುವುದಿಲ್ಲ? ಆದರೆ ಆ ಪ್ರಶ್ನೆ ಯಾರಿಗೂ ಬೇಕಿರಲಿಲ್ಲ. ಗೋಡೆಗೆ ಮನುಷ್ಯನ ಒಳಗು ಕಾಣುತ್ತದೆ ಎಂಬ ಮಾತು ಹುಟ್ಟಿತು. ಹೆಣ್ಣು ಕೊಡುವವರು ಗಂಡನ್ನು ಕರೆತಂದು ಗೋಡೆಯ ಮುಂದೆ ನಿಲ್ಲಿಸಿದರು. ಅಣ್ಣ ತಮ್ಮಂದಿರು ಆಸ್ತಿಯ ಜಗಳವನ್ನು ಇಲ್ಲಿಗೆ ತಂದರು. ಅಂಗಡಿಯ ಯಜಮಾನರು ಆಳುಗಳನ್ನು ತಂದರು. ಗೋಡೆ ಎಲ್ಲರ ಮೇಲೂ ಕೆರಳುತ್ತಿರಲಿಲ್ಲ. ಹೆಚ್ಚು ಹೊತ್ತು ಸುಮ್ಮನೆ ಅಲೆಯಾಡುತ್ತ, ಶೆಡ್ಡು ತುಂಬುವವರೆಗೆ ಕಾದಿದ್ದು, ಆಮೇಲೆ ಒಬ್ಬರನ್ನು ಆರಿಸಿಕೊಳ್ಳುತ್ತಿತ್ತು. ತಮ್ಮನ್ನು ಬಿಟ್ಟಿತಲ್ಲ ಎಂದು ಉಳಿದವರು ಉಸಿರು ಬಿಡುತ್ತಿದ್ದರು, ಮರುದಿನ ಮತ್ತೆ ಬರುತ್ತಿದ್ದರು.

ರುದ್ರಮುನಿಯ ಸ್ಕೂಲಿನಲ್ಲಿ ಮೊದಲು ಇಬ್ಬರು ಹುಡುಗಿಯರು ಕಬಡ್ಡಿ ಬಿಟ್ಟರು. ಆಮೇಲೆ ಇಡೀ ತಂಡ ಬಿಟ್ಟಿತು. ಅವನೇನು ಮಾಡಿದ್ದಾನೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದೇ ಇದ್ದದ್ದರಿಂದ ಅವನು ಏನನ್ನು ಬೇಕಾದರೂ ಮಾಡಿದವನಾದ. ಹೆಡ್ಮಾಸ್ತರು ಕರೆದು, "ಸ್ವಲ್ಪ ದಿನ ರಜಾ ಹಾಕ್ರಿ, ಗಾಳಿ ತಣ್ಣಗಾಗಲಿ," ಅಂದರು. ಅವನು ಮನೆಯಲ್ಲಿ ಕೂತ. ಹಾಲಮ್ಮ ಮಗನ ತಾಟಿಗೆ ರೊಟ್ಟಿ ಹಾಕುವಾಗ ಅವನ ಮುಖ ನೋಡುವುದನ್ನು ಬಿಟ್ಟರು. ಪಕ್ಕದ ಮನೆಯ ಕೂಸು ಅಂಗಳಕ್ಕೆ ಬಂದರೆ ಓಡಿಹೋಗಿ ಎತ್ತಿಕೊಂಡು ಅವರ ಮನೆಗೆ ಬಿಟ್ಟು ಬರುತ್ತಿದ್ದರು. ಒಂದು ಸಲ ರುದ್ರಮುನಿ ಅದನ್ನು ಬಾಗಿಲಲ್ಲಿ ನಿಂತು ನೋಡಿದ. ಒಳಗೆ ಹೋಗಿ ಕೋಣೆಯ ಚಿಲಕ ಹಾಕಿಕೊಂಡ.

ಇಂದುಮತಿ ಕಂಟ್ರೋಲ್ ರೂಮಿನಲ್ಲಿ ಗೋಡೆಯ ಹಳೆಯ ದಾಖಲೆಗಳನ್ನು ಒಂದೊಂದಾಗಿ ಓಡಿಸಿ ನೋಡತೊಡಗಿದಳು. ಉದ್ಘಾಟನೆಯ ನಂತರದ ದಿನಗಳಲ್ಲಿ ಗೋಡೆ ಚೆಂದದ ಅಲೆಗಳನ್ನು ಎಬ್ಬಿಸುತ್ತಿತ್ತು, ಜನ ಒಂದಷ್ಟು ನೋಡಿ ಹೋಗುತ್ತಿದ್ದರು. ಬರಬರುತ್ತ ಅವರು ನಿಲ್ಲುವ ಹೊತ್ತು ಕಡಿಮೆಯಾಗಿತ್ತು. ಗೋಡೆ ಏನೇನೋ ಹೊಸ ಆಟ ಹೂಡಿತ್ತು, ಯಾವುದೂ ಫಲಿಸಿರಲಿಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬ ಮುದುಕ ಕೆಮ್ಮಿದ್ದಕ್ಕೆ ನಾಲ್ಕು ಗರಿ ಆಕಸ್ಮಿಕವಾಗಿ ಸೆಟೆದು ನಿಂತಿದ್ದವು. ಸುತ್ತಲಿನವರು ಗೋಡೆಯನ್ನು ಬಿಟ್ಟು ಮುದುಕನನ್ನು ನೋಡಿದ್ದರು, ಮತ್ತೆ ಗೋಡೆಯನ್ನು ನೋಡಿದ್ದರು, ಹೊರಡುವುದನ್ನು ಮರೆತಿದ್ದರು. ಗೋಡೆಗೆ ಬೇಕಾದದ್ದು ಸಿಕ್ಕಿತ್ತು. ಅಲ್ಲಿಂದ ಮುಂದೆ ಅದು ಕೆಲವೇ ಗರಿಗಳಲ್ಲಿ ಅದನ್ನೇ ತಿದ್ದಿ ತಿದ್ದಿ ಹರಿತ ಮಾಡಿಕೊಂಡಿತ್ತು. ಗುರುತಿಲ್ಲದವನ ಮೇಲೆ ಕೆರಳಿದರೆ ಜನ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹತ್ತು ಜನ ಬಲ್ಲ ಮುಖವಾದರೆ ನಿಲ್ಲುತ್ತಾರೆ. ಎಲ್ಲರೂ ಕಣ್ಣಿಟ್ಟು ನೋಡುವ ಮುಖವಾದರೆ ಕದಲುವುದೇ ಇಲ್ಲ. ರುದ್ರಮುನಿ ಕೈಯೆತ್ತಿದಾಗ ಮಕ್ಕಳೆಲ್ಲ ಅವನ ಕಡೆ ತಿರುಗಿದ್ದರು. ಅವನು ಮಾಡಿದ ಅಪರಾಧ ಅಷ್ಟೇ.

ಅವಳು ಅದನ್ನೆಲ್ಲ ತೆಗೆದುಕೊಂಡು ಟ್ರಸ್ಟಿನ ಅಧ್ಯಕ್ಷ ಪಂಚಾಕ್ಷರಪ್ಪನವರ ಹತ್ತಿರ ಹೋದಳು. ಅವರು ಹತ್ತಿ ವ್ಯಾಪಾರದ ಹಳೆ ಮನೆತನದವರು, ಮೆತ್ತಗೆ ಮಾತಾಡುವವರು. ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಅದಕ್ಕೆ ಒಳ್ಳೇದು ಕೆಟ್ಟದ್ದು ಏನೂ ಗೊತ್ತಿಲ್ಲ ಅಂತೀರಾ?"

"ಗೊತ್ತಿಲ್ಲ ಸರ್. ಜನ ಎಷ್ಟು ಹೊತ್ತು ನಿಂತರು ಅನ್ನೋದೊಂದೇ ಅದಕ್ಕೆ ಗೊತ್ತಿರೋದು."

"ಮತ್ತೆ ಆ ಔಷಧಿ ಅಂಗಡಿಯವನದು?"

"ನಾಳೆ ನಿಮ್ಮ ಮೇಲೆ ಕೆರಳಿದ್ರೆ ನಿಮ್ಮ ಗೋಡೌನಿನಲ್ಲೂ ಏನಾದ್ರೂ ಸಿಗುತ್ತೆ ಸರ್."

ಪಂಚಾಕ್ಷರಪ್ಪನವರ ಮುಖ ಬಿಗಿಯಿತು. "ನೋಡಮ್ಮಾ, ಈ ಶೆಡ್ಡಿನೊಳಗೆ ನಾಯಿ ಸುಳೀತಿರಲಿಲ್ಲ. ಈಗ ಬಾಗಿಲ ಮುಂದೆ ಸಾಲು ನಿಲ್ತೈತೆ. ನಿನ್ನ ಯಜಮಾನರ ವಿಷಯ ನನಗೂ ಬೇಜಾರೇ. ಆದರೆ ಗಂಡನ ಸಲುವಾಗಿ ನೀನು ಹಿಂಗೆ ಹೇಳ್ತೀಯ ಅಂತ ಜನ ಅಂದ್ರೆ ನಾನೇನು ಹೇಳಲಿ? ಅದನ್ನ ಮುಟ್ಟಬೇಡ. ಇದ್ದ ಹಾಗೇ ಇರಲಿ."

ಅವಳು ಮುಟ್ಟಿದಳು. ನಿಲ್ಲುವ ಹೊತ್ತನ್ನು ಅಳೆಯುವುದನ್ನೇ ತೆಗೆದುಹಾಕಿ, ಎದುರಿನವರ ನಾಡಿ ನಿಧಾನವಾದರೆ ಮಾತ್ರ ಗೋಡೆ ಗೆದ್ದ ಹಾಗೆ ಎಂದು ಬದಲಿಸಿದಳು. ಎರಡು ಮೂರು ದಿನಕ್ಕೆ ಗರಿಗಳು ಮೆತ್ತಗಾದವು. ಯಾರ ಮೇಲೂ ಕೆರಳಲಿಲ್ಲ. ಹರಪನಹಳ್ಳಿ ಕಡೆಯಿಂದ ಟ್ರ್ಯಾಕ್ಟರು ಮಾಡಿಕೊಂಡು ಬಂದಿದ್ದವರು ಸಂಜೆಯವರೆಗೆ ಕಾದು, ಏನೂ ಆಗದಿದ್ದಾಗ, "ಗೋಡೆ ಕಣ್ಣು ಕಟ್ಯಾರೆ" ಎಂದು ಕೂಗೆಬ್ಬಿಸಿದರು. ಕಟ್ಟಿದವರು ಯಾರು ಎಂದು ಊಹಿಸುವುದು ಕಷ್ಟವಿರಲಿಲ್ಲ. ಮರುದಿನ ಬೆಳಿಗ್ಗೆ ಕಂಟ್ರೋಲ್ ರೂಮಿನ ಬಾಗಿಲು ಅವಳ ಬೆರಳಚ್ಚಿಗೆ ತೆರೆದುಕೊಳ್ಳಲಿಲ್ಲ. ಒಳಗೆ ಬೇರೆ ಯಾರೋ ಇಂಜಿನಿಯರು ಕೂತಿದ್ದ. ಮಧ್ಯಾಹ್ನಕ್ಕೆ ಗರಿಗೋಡೆ ಮತ್ತೆ ಕೆದರಿತು. ಶೆಡ್ಡಿನ ತುಂಬ ಜನ ಚಪ್ಪಾಳೆ ಹೊಡೆದರು.

ಅವಳ ಮನೆಯ ಗೇಟಿಗೆ ಯಾರೋ ತಗಡಿನ ಚೂರುಗಳನ್ನು ಪೋಣಿಸಿ ಕಟ್ಟಿ ಹೋಗಿದ್ದರು. ಗಾಳಿ ಬಂದರೆ ಅವು ಗಲಗಲ ಅನ್ನುತ್ತಿದ್ದವು. ಇಂದುಮತಿ ಬಿಚ್ಚಿ ಎಸೆದಳು. ಮತ್ತೆ ಕಟ್ಟಿದರು. ಹಾಲಿನವನು ಹಾಲು ಹಾಕುವುದು ನಿಲ್ಲಿಸಿದ. ತರಕಾರಿಯವಳು ಅವಳನ್ನು ಕಂಡರೆ ತಳ್ಳುಗಾಡಿಯನ್ನು ಬೀದಿಯ ಆಚೆ ಬದಿಗೆ ಹೊರಳಿಸುತ್ತಿದ್ದಳು.

ಹಾಲಮ್ಮ ಮಗನ ಜೊತೆ ಮಾತು ಬಿಟ್ಟಿದ್ದರು, ಈಗ ಊಟವನ್ನೂ ಬಿಟ್ಟರು. ನಿಶ್ಶಕ್ತಿಯಿಂದ ಹಾಸಿಗೆ ಹಿಡಿದಾಗ ಯಾವ ಡಾಕ್ಟರೂ ಮನೆಗೆ ಬರಲು ಒಪ್ಪಲಿಲ್ಲ. ಬಂದದ್ದು ಸುಗುಣಕ್ಕ ಒಬ್ಬರೇ.

ಡಾಕ್ಟರ್ ಸುಗುಣಾ ಎಪ್ಪತ್ತು ದಾಟಿದವರು. ಮದುವೆ ಮಾಡಿಕೊಂಡವರಲ್ಲ. ಹಳೇ ಪೇಟೆಯ ಸಣ್ಣ ಆಸ್ಪತ್ರೆಯಲ್ಲಿ ಅವರ ಕೈಯಲ್ಲಿ ಹುಟ್ಟಿದವರು ಊರಿನ ಅರ್ಧ ಭಾಗ ಇದ್ದಾರೆ ಅನ್ನುತ್ತಿದ್ದರು. ರುದ್ರಮುನಿಯೂ ಅವರಲ್ಲೊಬ್ಬ. ಅವರು ಹಾಲಮ್ಮನ ಕೈ ಹಿಡಿದು ನಾಡಿ ನೋಡಿದರು, ಡ್ರಿಪ್ ಹಾಕಿದರು, ಆಮೇಲೆ ಅಡುಗೆಮನೆಯಲ್ಲಿ ಇಂದುಮತಿಯನ್ನು ಕೂರಿಸಿಕೊಂಡು ಎಲ್ಲವನ್ನೂ ಕೇಳಿದರು.

"ಹತ್ತು ಜನ ಬಲ್ಲ ಮುಖ ಬೇಕು ಅಂದೆಯಲ್ಲ. ನಾನು ಹೋಗಿ ನಿಂತ್ರೆ?"

"ನಿಮ್ಮ ಮೇಲೆ ಖಂಡಿತ ಕೆರಳುತ್ತೆ ಅಕ್ಕ."

"ಕೆರಳಲಿ. ಅದೇ ಬೇಕಾಗಿರೋದು. ಡ್ರಿಲ್ ಮಾಸ್ತರ ಮೇಲೆ ಅನುಮಾನ ಪಡೋದು ಸುಲಭ. ಸುಗುಣಕ್ಕನ ಮೇಲೆ ಪಡ್ಲಿ ನೋಡೋಣ. ನನ್ನ ಮೇಲೂ ಕೆರಳ್ತು ಅಂದ್ರೆ ಈ ಗೋಡೆ ಸುಳ್ಳು ಅಂತ ಅವರಿಗೇ ಗೊತ್ತಾಗುತ್ತೆ."

ಇಂದುಮತಿಗೆ ಬಹಳ ದಿನಗಳ ಮೇಲೆ ಎದೆ ಹಗುರಾಯಿತು. ಒಳಗೆಲ್ಲೋ ಒಂದು ಅಳುಕು ಇಣುಕಿದ್ದು ನಿಜ. ಆದರೆ ಅದಕ್ಕೆ ಬಾಯಿ ಕೊಡಲಿಲ್ಲ. ಅವಳಿಗೆ ಗಂಡ ಮತ್ತೆ ಮೈದಾನಕ್ಕೆ ಹೋಗುವುದು ಬೇಕಾಗಿತ್ತು.

ಸುಗುಣಕ್ಕ ಗೋಡೆಯ ಮುಂದೆ ನಿಲ್ಲುತ್ತಾರಂತೆ ಎಂಬ ಸುದ್ದಿ ಹಬ್ಬಿ ಆ ಭಾನುವಾರ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರು ತಮ್ಮ ಬಿಳಿ ಕೋಟು ಹಾಕಿಕೊಂಡೇ ಬಂದರು. ಜನ ಕೈಮುಗಿದು ದಾರಿ ಬಿಟ್ಟರು. ಒಬ್ಬಾಕೆ ತನ್ನ ಮೊಮ್ಮಗುವನ್ನು ಅವರ ಕಾಲಿಗೆ ಬೀಳಿಸಿದಳು. ಇಂದುಮತಿ ಬಾಗಿಲ ಹತ್ತಿರ ನಿಂತಿದ್ದಳು. ಅವಳು ಬೇಡವೆಂದರೂ ರುದ್ರಮುನಿ ಜೊತೆಗೆ ಬಂದಿದ್ದ, ತಲೆಗೆ ಟವೆಲು ಸುತ್ತಿಕೊಂಡು.

ಸುಗುಣಕ್ಕ ಹೋಗಿ ನಿಂತರು. ಶೆಡ್ಡಿನಲ್ಲಿದ್ದವರೆಲ್ಲ ಅವರನ್ನೇ ನೋಡಿದರು. ಗೋಡೆ ಹೆಚ್ಚು ಕಾಯಲಿಲ್ಲ. ಗರಿಗಳು ಅಂಟಿಕೊಂಡವು, ಆಮೇಲೆ ಇಡೀ ಗೋಡೆ, ಸೂರಿನ ಅಂಚಿನವರೆಗೆ, ಕೆದರಿ ನಿಂತಿತು. ಅಷ್ಟು ಜೋರಾಗಿ ಅದು ಯಾರ ಮೇಲೂ ಕೆರಳಿರಲಿಲ್ಲ. ಸದ್ದಿಗೆ ಕೂಸುಗಳು ಕಿರುಚಿಕೊಂಡವು.

ಡಾಕ್ಟರು ಸದ್ದು ಅಡಗುವವರೆಗೆ ಕಾದು ಜನರ ಕಡೆ ತಿರುಗಿದರು. ಅವರ ಮುಖದಲ್ಲಿ ನಗುವಿತ್ತು. "ನೋಡಿದ್ರಲ್ಲ? ನಾನು ಎಂಥವಳು ಅಂತ ನಿಮಗೆಲ್ಲ ಗೊತ್ತು. ಈಗ ಹೇಳ್ರಿ, ಈ ಗೋಡೆ ಎಂಥದ್ದು?"

ಜನರ ನಡುವಿನಿಂದ ಒಬ್ಬ ಗಂಡಸು ಕೇಳಿದ. ಕೂಗಲಿಲ್ಲ, ಕೇಳಿದ ಅಷ್ಟೆ.

"ನಮ್ಮ ಶಾರದಾ ಯಾಕೆ ಸತ್ತಳು ಡಾಕ್ಟ್ರೇ?"

ಸುಗುಣಕ್ಕ ಅವನ ಕಡೆ ನೋಡಿದರು. "ತಿಪ್ಪೇಸ್ವಾಮಿ, ನಿನಗೆ ಅವತ್ತೇ ಹೇಳಿದ್ದೆನಲ್ಲಪ್ಪ. ರಕ್ತ ನಿಲ್ಲಲಿಲ್ಲ. ಅವಳ ಗುಂಪಿನ ರಕ್ತ ಊರಲ್ಲಿ ಸಿಗಲಿಲ್ಲ…"

"ಸಿಗಲಿಲ್ಲವೋ, ನೀವು ಹುಡುಕಲಿಲ್ಲವೋ?"

"ನನ್ನ ಕೂಸು ಕಪ್ಪಗೆ ಹುಟ್ಟಿತ್ತು, ಅಳಲೇ ಇಲ್ಲ," ಅಂದಳು ಒಬ್ಬ ಹೆಂಗಸು. "ಹಿಂಗೆ ಒಂದೊಂದು ಆಗ್ತಾವೆ ಅಂದುಬಿಟ್ರಿ. ನಾನು ನಂಬಿದೆ."

"ನನ್ನ ಸೊಸೆಗೆ ಗರ್ಭಚೀಲ ತೆಗೀಬೇಕು ಅಂದಿದ್ದು ಯಾಕೆ?"

ಡಾಕ್ಟರು ಒಬ್ಬೊಬ್ಬರಿಗೂ ಉತ್ತರ ಕೊಡಲು ನೋಡಿದರು. ಅವರಿಗೆ ಎಲ್ಲರ ಹೆಸರೂ ನೆನಪಿತ್ತು, ಎಲ್ಲ ಹೆರಿಗೆಗಳೂ ನೆನಪಿದ್ದವು. ಆದರೆ ಒಬ್ಬರಿಗೆ ಹೇಳಿ ಮುಗಿಸುವುದರೊಳಗೆ ಇನ್ನಿಬ್ಬರು ಎದ್ದಿರುತ್ತಿದ್ದರು. ಅಷ್ಟು ವರ್ಷಗಳಲ್ಲಿ ಆ ಆಸ್ಪತ್ರೆಯಲ್ಲಿ ಸತ್ತವರೆಲ್ಲ ಒಬ್ಬೊಬ್ಬರಾಗಿ ಶೆಡ್ಡಿಗೆ ಬಂದರು. ಬದುಕಿದವರು ಅಲ್ಲೇ ನಿಂತು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. 'ನೀವು' ಅನ್ನುತ್ತಿದ್ದ ಬಾಯಿಗಳು ಯಾವ ಮಾತಿನಲ್ಲಿ 'ನೀನು' ಅನ್ನತೊಡಗಿದವೋ ಇಂದುಮತಿಗೆ ತಿಳಿಯಲಿಲ್ಲ. ಮೊಮ್ಮಗುವನ್ನು ಕಾಲಿಗೆ ಬೀಳಿಸಿದ್ದಾಕೆ ಅದರ ಹಣೆಯನ್ನು ಸೆರಗಿನಿಂದ ಒರೆಸುತ್ತಿದ್ದಳು.

ಇಂದುಮತಿ ಹೊರಗೋಡಿದಳು. ಶೆಡ್ಡಿನ ಹಿಂಗೋಡೆಯಲ್ಲಿ ಮೇನ್ ಸ್ವಿಚ್ಚಿನ ಪೆಟ್ಟಿಗೆ ಇತ್ತು. ಕಲ್ಲಿನಿಂದ ಬೀಗ ಒಡೆದು ಹಿಡಿಕೆಯನ್ನು ಕೆಳಗೆಳೆದಳು. ಒಳಗೆ ಗರಿಗಳೆಲ್ಲ ಒಮ್ಮೆಲೇ ಜೋತುಬಿದ್ದ ಸದ್ದು ಕೇಳಿಸಿತು. ಓಡಿ ಬಂದು ನೋಡಿದರೆ ಗೋಡೆ ನಿಂತಿತ್ತು, ಜನ ನಿಂತಿರಲಿಲ್ಲ. ಯಾರೂ ಗೋಡೆಯ ಕಡೆ ನೋಡುತ್ತಲೇ ಇರಲಿಲ್ಲ. ಡಾಕ್ಟರ ಕೋಟು ಹರಿದಿತ್ತು. ಒಂದು ಚಪ್ಪಲಿ ಬಂದು ಅವರ ಭುಜಕ್ಕೆ ಬಡಿಯಿತು. ಅವರು ಆಗಲೂ ಯಾರಿಗೋ ಏನನ್ನೋ ವಿವರಿಸುತ್ತಿದ್ದರು.

"ಸೀದಾ ನಿಲ್! ಹಿಂದೆ ಸರಿ!"

ಮೈದಾನದ ಆ ಕೊನೆಗೆ ಮುಟ್ಟುವ ದನಿ. ರುದ್ರಮುನಿ ಟವೆಲು ಕಿತ್ತೆಸೆದು ಗುಂಪಿನೊಳಗೆ ನುಗ್ಗಿದ್ದ. ಗುಂಪಿನಲ್ಲಿದ್ದ ಎಷ್ಟೋ ಜನ ಗಂಡಸರು, ಹೆಂಗಸರು ಅವನ ಕೈಯಲ್ಲಿ ಡ್ರಿಲ್ ಮಾಡಿದ್ದವರು. ಮನಸ್ಸು ಏನು ಅಂದುಕೊಂಡಿತ್ತೋ, ಅವರ ಕಾಲುಗಳು ಹಿಂದೆ ಸರಿದವು. ಒಂದು ಗಳಿಗೆ ಮಾತ್ರ. ಅಷ್ಟರಲ್ಲಿ ಅವನು ಸುಗುಣಕ್ಕನನ್ನು ತೋಳಿನಲ್ಲಿ ಅವುಚಿಕೊಂಡು ಬಾಗಿಲಿಗೆ ತಂದ. ಹೊರಗೆ ಬರುವಾಗ ಯಾರೋ ಬೀಸಿದ ಕೋಲು ಅವನ ಕಿವಿಯ ಮೇಲೆ ಬಿತ್ತು. ಆ ಕಿವಿ ಆಮೇಲೆ ಕೇಳಿಸಲಿಲ್ಲ.

ಗಲಾಟೆಯಾದದ್ದಕ್ಕೆ ಅಧಿಕಾರಿಗಳು ಶೆಡ್ಡಿಗೆ ಬೀಗ ಹಾಕಿಸಿದರು. ಗೋಡೆಯ ಮೇಲೆ ವಿಚಾರಣೆ ಆಗಲಿಲ್ಲ, ಡಾಕ್ಟರ ಮೇಲೆ ಆಯಿತು. ಹಳೆಯ ಸಾವುಗಳ ಬಗ್ಗೆ ದೂರುಗಳು ಬಂದವು. ಒಂದರಲ್ಲೂ ಹುರುಳಿಲ್ಲ ಎಂದು ವಿಚಾರಣೆ ಮಾಡಿದವರೇ ಹೇಳಿದರು. ಆದರೂ ಆಸ್ಪತ್ರೆಗೆ ಬಸುರಿಯರು ಬರುವುದು ನಿಂತುಹೋಯಿತು. ಸುಗುಣಕ್ಕ ಸ್ವಲ್ಪ ಕಾಲ ದಿನವೂ ಕೋಟು ಹಾಕಿಕೊಂಡು ಖಾಲಿ ಬೆಂಚುಗಳ ಮುಂದೆ ಕೂರುತ್ತಿದ್ದರು. ಆಮೇಲೆ ಬಾಗಿಲು ಮುಚ್ಚಿದರು. ಹಾಲಮ್ಮ ಚೇತರಿಸಿಕೊಂಡರು. ಮಗನ ಕಿವಿಗೆ ತಾವೇ ಬಿಸಿ ಎಣ್ಣೆ ಬಿಡಲು ಬಂದರು. ರುದ್ರಮುನಿ ಬೇಡವೆನ್ನಲಿಲ್ಲ, ಮಾತೂ ಆಡಲಿಲ್ಲ.

ಅಷ್ಟರಲ್ಲಿ ಗರಿಗೋಡೆಯನ್ನು ಗದಗಿನವರು ಕೊಳ್ಳುತ್ತಾರೆ ಎಂಬ ಸುದ್ದಿ ಬಂತು. ಅಲ್ಲೊಂದು ಸ್ವಾಗತ ಸಮಿತಿ ಆಗಿತ್ತು. ಇಂದುಮತಿ ಸಮಿತಿಯವರಿಗೆ ಫೋನು ಮಾಡಿ, ತಾನು ಬಂದು ಎಲ್ಲವನ್ನೂ ಹೇಳುತ್ತೇನೆ, ಕೇಳಿ ಆಮೇಲೆ ತೀರ್ಮಾನ ಮಾಡಿ ಎಂದು ಬೇಡಿಕೊಂಡಳು. ಸುಗುಣಕ್ಕ ತಾವೂ ಬರುವುದಾಗಿ ಹೇಳಿದರು. ಇಬ್ಬರೂ ಬಸ್ಸು ಹತ್ತಿದರು.

ಒಂದು ಕಲ್ಯಾಣಮಂಟಪದಲ್ಲಿ ಸಭೆ ಸೇರಿತ್ತು. ಇಂದುಮತಿ ಗೋಡೆ ಹೇಗೆ ಕಲಿಯಿತು ಎಂಬುದನ್ನು ಪರದೆಯ ಮೇಲೆ ತೋರಿಸಿದಳು. ಸುಗುಣಕ್ಕ ತಮಗಾದದ್ದನ್ನು ಹೇಳಿದರು. ಜನ ಮರ್ಯಾದೆಯಿಂದ ಕೇಳಿದರು. ಕೊನೆಗೆ ಸಮಿತಿಯ ಅಧ್ಯಕ್ಷ ಅಂದಾನಪ್ಪ ಎದ್ದು ನಿಂತರು. ಅವರು ಕಾಲೇಜಿನ ಪ್ರಿನ್ಸಿಪಾಲರಾಗಿ ನಿವೃತ್ತರಾದವರು, ಕಚ್ಚೆಪಂಚೆಯ ಗಂಭೀರ ಆಳು.

"ಡಾಕ್ಟರ್ ಬಾಯಿ, ನೀವು ಹೇಳಿದ್ದು ಎಲ್ಲಾ ಖರೇ ಇರಬಹುದು. ಆದ್ರ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅದು ನಿಮ್ಮ ಮ್ಯಾಲೇ ಅಷ್ಟು ಜೋರಾಗಿ ಯಾಕ ಕೆರಳಿತು? ಸಣ್ಣದೋ ದೊಡ್ಡದೋ, ಏನರ ಒಂದು ಇರಬೇಕಲ್ರಿ?"

ಸಭೆಯಲ್ಲಿ ತಲೆಗಳು ಹೌದೆಂಬಂತೆ ಆಡಿದವು. ಸುಗುಣಕ್ಕ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಿಮ್ಮನ್ನ ಈ ಊರಲ್ಲಿ ಎಷ್ಟು ಜನ ಬಲ್ಲರು?"

"ನನ್ನನ್ನ?" ಅಂದಾನಪ್ಪ ನಕ್ಕರು. "ನನ್ನ ಗುರುತಿಲ್ಲದವರು ಈ ಊರಾಗ ಯಾರದಾರ್ರಿ!"

"ಹಾಗಾದ್ರೆ ಅದು ಇಲ್ಲಿಗೆ ಬಂದ ದಿನ ಮೊದಲು ನಿಮ್ಮ ಮೇಲೇ ಕೆರಳುತ್ತೆ. ನೀವು ಫೇಲು ಮಾಡಿದ ಹುಡುಗರು, ಸೀಟು ಕೊಡದೆ ಕಳಿಸಿದವರು, ನಿಮ್ಮ ಮನೇಲಿ ಕೆಲಸ ಬಿಟ್ಟು ಹೋದವರು, ಎಲ್ಲರೂ ಅಲ್ಲಿ ಬಂದು ನಿಂತಿರ್ತಾರೆ. ಏನರ ಒಂದು ಇರಬೇಕಲ್ಲ? ಈಗಿನಿಂದಲೇ ನೆನಪು ಮಾಡಿಕೊಳ್ಳಿ."

ಅಂದಾನಪ್ಪ ಮತ್ತೆ ನಕ್ಕರು. ನಗುತ್ತಿದ್ದವರು ಅವರೊಬ್ಬರೇ. ಮುಂದಿನ ಸಾಲಿನವರು ಕತ್ತು ತಿರುಗಿಸಿ ಅವರನ್ನು ನೋಡಿದರು. ಹಿಂದಿನ ಸಾಲಿನವರೂ ಕತ್ತು ನಿಗುರಿಸಿ ನೋಡಿದರು. ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ ಏನೋ ಅಂದಳು, ಆ ಪಕ್ಕದವಳು ಹುಬ್ಬೇರಿಸಿ ಮತ್ತೆ ಅವರನ್ನೇ ನೋಡಿದಳು. ಅಂದಾನಪ್ಪನವರ ನಗು ತುಟಿಯಲ್ಲೇ ನಿಂತುಹೋಯಿತು. ಕುರ್ಚಿಗಾಗಿ ಹಿಂದೆ ಕೈಯಾಡಿಸಿದರು. ಕೂತ ಮೇಲೆ, "ಸದ್ಯಕ್ಕ ಈ ವಿಷಯ ಇಲ್ಲಿಗೇ ಬಿಡೂಣು," ಅಂದರು. ಯಾರೂ ಎದುರಾಡಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಲು ಸಿದ್ಧವಾಗಿತ್ತು. ಇಂದುಮತಿಗೆ ಗೆದ್ದ ಹುರುಪು. ಕಿಟಕಿಯಿಂದ ಒಂದು ಪೊಟ್ಟಣ ಗಿರಮಿಟ್ಟು ಕೊಂಡು ಸುಗುಣಕ್ಕನ ಕೈಗಿಟ್ಟಳು. ಅವರು ಅದನ್ನು ಹಾಗೇ ಹಿಡಿದುಕೊಂಡು ಕೂತರು.

"ಇಂದುಮತಿ, ಗೋಡೆ ನನಗೆ ಏನು ಮಾಡ್ತು?"

"ಅಕ್ಕ, ಈಗ ಅದ್ಯಾಕೆ…"

"ನಾನು ಆ ಮನುಷ್ಯನಿಗೆ ಅದನ್ನೇ ಮಾಡಿದೆ. ಅದಕ್ಕಾದ್ರೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ."

"ನೀವು ಹಾಗನ್ನದಿದ್ರೆ ಅವರು ಗೋಡೆ ತರ್ತಿದ್ರು. ಇನ್ನೆಷ್ಟು ಜನ…"

"ಹೌದು," ಅಂದರು ಸುಗುಣಕ್ಕ. ಡ್ರೈವರು ಬಸ್ಸು ಚಾಲೂ ಮಾಡಿದ. ಅವರು ಎದ್ದು ನಿಂತು, "ತಡೀಯಪ್ಪಾ, ಇಳೀಬೇಕು," ಅಂದರು.

ಇಬ್ಬರೂ ಇಳಿದು, ದಾರಿಯಲ್ಲಿ ವಿಚಾರಿಸುತ್ತ ವಿಚಾರಿಸುತ್ತ ಅಂದಾನಪ್ಪನವರ ಮನೆ ಮುಟ್ಟಿದರು. ಬಿಸಿಲು ಇಳಿಯುತ್ತಿತ್ತು. ಕಟ್ಟೆಗಳ ಮೇಲೆ ಜನ ಕೂತಿದ್ದರು. ಇಷ್ಟು ಬೇಗ ಇಲ್ಲಿಗೆ ಹೇಗೆ ಸುದ್ದಿ ಬಂತೋ, ಆ ಮನೆಯ ದಾರಿ ಹೇಳಿದವರೆಲ್ಲ ಹೇಳುವ ಮುಂಚೆ ಇವರ ಮುಖವನ್ನು ಸರಿಯಾಗಿ ದಿಟ್ಟಿಸಿದ್ದರು.

ಬಾಗಿಲು ತಟ್ಟಿದಾಗ ಕಿಟಕಿಯ ಪರದೆ ಸ್ವಲ್ಪ ಸರಿಯಿತು. ಅಂದಾನಪ್ಪನವರ ದನಿ ಒಳಗಿನಿಂದ ಬಂತು, ಸಭೆಯಲ್ಲಿ ಕೇಳಿದ್ದ ದನಿಯಲ್ಲ. "ಯಾಕ ಬಂದ್ರಿ ಇಲ್ಲಿಗೆ? ಹೋಗ್ರಿ. ನಿಮ್ಮ ಕೂಡ ಮಾತಾಡೂದು ಯಾರರ ನೋಡಿದ್ರ ಏನಂತಾರ? ನನಗ ಹೆಣ್ಣುಮಕ್ಕಳದಾರ. ಕೈ ಮುಗೀತೀನಿ, ಹೋಗ್ರಿ."

"ಹೋಗ್ತೀನಿ. ತಪ್ಪಾಯ್ತು ಅಂತ ಹೇಳಿ ಹೋಗೋಣ ಅಂತ ಬಂದೆ," ಅಂದರು ಸುಗುಣಕ್ಕ.

ಪರದೆ ಮುಚ್ಚಿಕೊಂಡಿತು. ಒಳಗೆ ಯಾವುದೋ ಹೆಣ್ಣುದನಿ ಏನೋ ಕೇಳಿತು.

ಸುಗುಣಕ್ಕ ಮುಚ್ಚಿದ ಬಾಗಿಲ ಮುಂದೆ ನಿಂತೇ ಇದ್ದರು. ಬಾಗಿಲಿಗೆ ಬಾಯಿ ಹತ್ತಿರ ಮಾಡಿ, ಹೆರಿಗೆ ನೋವಿನವರನ್ನು ಸಮಾಧಾನ ಮಾಡುವ ದನಿಯಲ್ಲಿ, ತಾವು ಸಭೆಯಲ್ಲಿ ಅಂದದ್ದು ಯಾವುದೂ ಅವರ ಬಗ್ಗೆ ತಮಗೆ ಗೊತ್ತಿದ್ದು ಅಂದದ್ದಲ್ಲ, ಸುಮ್ಮನೆ ಹುಟ್ಟಿಸಿ ಹೇಳಿದ್ದು, ಅದನ್ನು ನಾಳೆ ಬೇಕಾದರೆ ಎಲ್ಲರ ಮುಂದೆ ಹೇಳುತ್ತೇನೆ ಎಂದು ನಿಧಾನವಾಗಿ ಹೇಳತೊಡಗಿದರು. ಎದುರಿನ ಕಟ್ಟೆಯಲ್ಲಿ ಕ್ಯಾರಂ ಆಡುತ್ತಿದ್ದವರು ಆಟ ನಿಲ್ಲಿಸಿದರು. ಮಾಳಿಗೆಯಿಂದ ಇಬ್ಬರು ಬಗ್ಗಿದರು. ಒಬ್ಬ ಫೋನು ಎತ್ತಿ ಹಿಡಿದ.

ಇಂದುಮತಿ ಮೆಟ್ಟಿಲಿಳಿದು ಬಂದು ಸುಗುಣಕ್ಕನೂ ಆ ಬಾಗಿಲೂ ನೋಡುವವರಿಗೆ ಕಾಣದ ಹಾಗೆ ಅಡ್ಡಲಾಗಿ, ಬೀದಿಗೆ ಮುಖ ಮಾಡಿ ನಿಂತಳು. ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಅವರ ಮಾತು ಮುಗಿಯುವವರೆಗೆ ಹಾಗೇ ಹಿಡಿದುಕೊಂಡಿದ್ದಳು.